ಗಡಿ ಬಿಂದುಗಳು ಕಡಲಿಗೆ ಬಿದ್ದಾಗ

ಪ್ರಶ್ನೆ: ಮಾಗಡಿ ಕೆರೆಯ ಸುತ್ತ ನಡೆದು ಮೊಬೈಲ್ ಜಿಪಿಎಸ್‌ನಿಂದ ಗಡಿ ಬಿಂದುಗಳನ್ನು ಗುರುತಿಸಿ, ಎಕ್ಸೆಲ್ ಹಾಳೆಯಲ್ಲಿ ತುಂಬಿ, ನಕ್ಷೆ ರಚಿಸುವ ತಂತ್ರಾಂಶವಾದ ಕ್ಯೂಜಿಐಎಸ್‌ಗೆ ಹಾಕಿದೆವು. ಅರ್ಧ ಬಿಂದುಗಳು ನಾರ್ವೆಯ ಉತ್ತರದ ಕಡಲಿಗೆ ಬಿದ್ದಿವೆ, ಇನ್ನು ಕೆಲವು ಪಕ್ಕದ ಊರುಗಳಲ್ಲಿವೆ. ಎಲ್ಲಿ ತಪ್ಪಿದೆ?
– ಗದಗ ಜಿಲ್ಲೆಯ ಹಕ್ಕಿ ವೀಕ್ಷಕರ ಬಳಗ

ಉತ್ತರ: ಇಲ್ಲಿ ಎರಡು ಬೇರೆ ತಪ್ಪುಗಳಿವೆ. ಕಡಲಿಗೆ ಬಿದ್ದವುಗಳಲ್ಲಿ ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ. ಮಾಗಡಿ ಕೆರೆಯ ಅಕ್ಷಾಂಶ 15 ಡಿಗ್ರಿ, ರೇಖಾಂಶ 75 ಡಿಗ್ರಿಯ ಆಸುಪಾಸು. ತಿರುವಿದರೆ ಉತ್ತರ ಧ್ರುವದ ಕಡೆ ಹೋಗುತ್ತದೆ. ಅರ್ಧಕ್ಕೆ ಮಾತ್ರ ಹೀಗಾಗಿದೆ ಎಂದರೆ ಹಾಳೆ ತುಂಬುವಾಗಲೇ ಕಾಲಂ ತಪ್ಪಿದೆ. ಅಕ್ಷಾಂಶದ ಕಾಲಂ ಅನ್ನು ಏರಿಕೆ ಕ್ರಮದಲ್ಲಿ ಜೋಡಿಸಿದರೆ 75ರವೆಲ್ಲ ಕೊನೆಯಲ್ಲಿ ಒಟ್ಟಿಗೆ ಸಿಗುತ್ತವೆ. ಅದಕ್ಕೂ ಮೊದಲು ನಡೆದ ಕ್ರಮದಲ್ಲೇ ಕ್ರಮಸಂಖ್ಯೆಯ ಕಾಲಂ ಒಂದನ್ನು ಸೇರಿಸಿಕೊಳ್ಳಿ. ಆ ಕ್ರಮ ಕಳೆದುಹೋದರೆ ಗೆರೆಗಳು ಒಂದನ್ನೊಂದು ಕತ್ತರಿಸಿ, ಕೆರೆಯ ಆಕಾರವೇ ಉಳಿಯುವುದಿಲ್ಲ.

ಪಕ್ಕದ ಊರಿಗೆ ಹೋದವು ಡಿಗ್ರಿ-ಮಿನಿಟು-ಸೆಕೆಂಡಿನ ಲೆಕ್ಕದವು. 15 ಡಿಗ್ರಿ 12 ಮಿನಿಟು 30 ಸೆಕೆಂಡನ್ನು 15.1230 ಎಂದು ಬರೆದುಬಿಡುತ್ತಾರೆ. ಮಿನಿಟನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಿಸಿದರೆ ಬರುವುದು 15.2083. ಇಷ್ಟರಿಂದಲೇ ಬಿಂದು 9 ಕಿ.ಮೀ.ಗೂ ಹೆಚ್ಚು ದಕ್ಷಿಣಕ್ಕೆ ಸರಿಯುತ್ತದೆ. ಈ ತಪ್ಪು ಅಪಾಯಕಾರಿ, ಏಕೆಂದರೆ ಬಿಂದು ಕರ್ನಾಟಕದೊಳಗೇ ಇರುವುದರಿಂದ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ವಿಸ್ತೀರ್ಣ ಅಳೆಯುವ ಮೊದಲು ನಕ್ಷೆಯ ಪದರವನ್ನು, ಡಿಗ್ರಿಯ ಬದಲು ಮೀಟರಿನಲ್ಲಿ ಜಾಗ ಗುರುತಿಸುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ ಬದಲಿಸಿ ಹೊಸ ಕಡತವಾಗಿ ಉಳಿಸಿ. ಇನ್ನೊಬ್ಬರಿಗೆ ನಕ್ಷೆಯ ಕಡತಗಳ ಗುಂಪಾದ ಶೇಪ್‌ಫೈಲ್ ಕಳಿಸುವಾಗ ಎಸ್‌ಎಚ್‌ಪಿ ಒಂದನ್ನೇ ಕಳಿಸಬೇಡಿ. ಎಸ್‌ಎಚ್‌ಎಕ್ಸ್, ಡಿಬಿಎಫ್, ಪಿಆರ್‌ಜೆ ಜೊತೆಗಿರಲಿ. ಪಿಆರ್‌ಜೆ ಇಲ್ಲದಿದ್ದರೆ ನಕ್ಷೆ ಯಾವ ನಿರ್ದೇಶಾಂಕ ಪದ್ಧತಿಯದೆಂದು ತೆರೆದವರಿಗೆ ತಿಳಿಯದು.

ಇನ್ನೊಂದು ಮಾತು: ನೀವು ನಡೆದದ್ದು ಆ ದಿನದ ನೀರಿನ ಅಂಚು. ಅದನ್ನು ‘ಗಡಿ’ ಎಂದು ದಾಖಲಿಸಬೇಡಿ. ಮಳೆಗಾಲ ಮುಗಿದಾಗ ಒಂದು ಅಂಚು, ಬೇಸಿಗೆಯಲ್ಲಿ ಇನ್ನೊಂದು. ಕೆರೆಯ ಜಾಗ ಯಾವುದೆಂದು ಹೇಳುವುದು ಸರ್ವೆ ನಂಬರು. ದಿಶಾಂಕ್ ಆ್ಯಪ್‌ನಲ್ಲಿ ಅದನ್ನು ನೋಡಿಕೊಂಡು, ಗ್ರಾಮ ನಕ್ಷೆಯೊಂದಿಗೆ ತಾಳೆ ಹಾಕಿ. ನೀರಿನ ಅಂಚನ್ನು ದಿನಾಂಕ ಸಮೇತ ಬೇರೆ ಪದರವಾಗಿ ಇಡಿ. ಪಟ್ಟೆತಲೆ ಹೆಬ್ಬಾತುಗಳು ಬರುವ ಚಳಿಗಾಲದಲ್ಲಿ ನೀರು ಎಲ್ಲಿಯವರೆಗಿತ್ತು ಎಂಬುದು ವರ್ಷ ಕಳೆದಂತೆ ಬೆಲೆಬಾಳುವ ದಾಖಲೆ.

ಪ್ರಶ್ನೆ: ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶಗಳ ಪದರಗಳನ್ನು ಕೂಡಿಸಿದರೆ ವಿಸ್ತೀರ್ಣ ವಿಪರೀತ ಹೆಚ್ಚು ಬರುತ್ತದೆ, ಏಕೆ?
– ಶಿವಮೊಗ್ಗದ ವಿದ್ಯಾರ್ಥಿನಿ

ಉತ್ತರ: ಒಂದೇ ಕಾಡಿಗೆ ಎರಡು ಹೆಸರಿವೆ, ಹಾಗಾಗಿ ಅದು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಭದ್ರಾ ವನ್ಯಜೀವಿಧಾಮವೂ ಹೌದು, ಹುಲಿ ಸಂರಕ್ಷಿತ ಪ್ರದೇಶವೂ ಹೌದು; ಬಂಡೀಪುರದ ರಾಷ್ಟ್ರೀಯ ಉದ್ಯಾನದ್ದೂ ಇದೇ ಕತೆ. ಮೂರು ಪದರ ಒಂದುಗೂಡಿಸಿ, ‘ಡಿಸಾಲ್ವ್’ ಮಾಡಿ (ಒಂದರ ಮೇಲೊಂದು ಬಿದ್ದ ಭಾಗಗಳನ್ನು ಬೆಸೆದು ಒಂದೇ ಆಕಾರವಾಗಿಸಿ), ಆಮೇಲೆ ಅಳೆಯಿರಿ. ಮೂಲ ಪದರಗಳನ್ನು ಅಳಿಸಬೇಡಿ, ಕಾನೂನಿನಲ್ಲಿ ಪ್ರತಿ ಹೆಸರಿಗೂ ಬೇರೆ ಅಧಿಸೂಚನೆ ಇದೆ.

ಪ್ರಶ್ನೆ: ಗೂಡುಗಳ ಜಾಗವನ್ನೂ ನಕ್ಷೆಯಲ್ಲಿ ಪ್ರಕಟಿಸಬಹುದೆ?
– ಮೈಸೂರಿನ ಓದುಗರು

ಉತ್ತರ: ದಯವಿಟ್ಟು ಬೇಡ. ಎಲ್ಲರೂ ನೋಡುವ ಪ್ರತಿಯಲ್ಲಿ ದಶಮಾಂಶದ ನಂತರ ಒಂದೇ ಅಂಕಿ ಇರಲಿ; ಜಾಗ ಸುಮಾರು 11 ಕಿ.ಮೀ. ಚೌಕದೊಳಗೆ ಮರೆಯಾಗುತ್ತದೆ. ನಿಖರ ಅಂಕಿಗಳು ಅರಣ್ಯ ಇಲಾಖೆಗೆ ಕೊಡುವ ಪ್ರತಿಯಲ್ಲಿದ್ದರೆ ಸಾಕು.