ನಗಾನ್ ಲೇಖನದ ಬಗ್ಗೆ: ಆರನೇ ಪುಟದಿಂದ ಶುರು ಮಾಡಿ

ನಮಸ್ಕಾರ,

ರಷ್ಯಾ ಸೇನೆಯ 1895ರ ನಗಾನ್ ರಿವಾಲ್ವರ್ ಬಗ್ಗೆ ನೀವು ಕಳಿಸಿದ ಹತ್ತು ಪುಟ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಆರನೇ ಪುಟ ಓದಿದ ಮೇಲೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ.

ಮೊದಲ ಐದು ಪುಟದಲ್ಲಿ ಇರುವುದು 'ಭಯಾನಕ', 'ಅಪ್ರತಿಮ', 'ಸಾವಿನ ದೂತ'. ಇವನ್ನು ಯಾವ ಬಂದೂಕಿಗೆ ಅಂಟಿಸಿದರೂ ಅಂಟುತ್ತವೆ. ನಗಾನ್‌ಗೆ ಮಾತ್ರ ಹೊಂದುವ ಮಾತು ಆರನೇ ಪುಟದಲ್ಲಿದೆ, ಅದೂ ಎರಡೇ ಸಾಲು. ಮಾಮೂಲಿ ರಿವಾಲ್ವರ್‌ನಲ್ಲಿ ತೋಟಾ ತುಂಬಿದ, ತಿರುಗುವ ಸಿಲಿಂಡರಿಗೂ ನಳಿಗೆಗೂ ನಡುವೆ ಸಣ್ಣ ಸಂದು ಇರುತ್ತದೆ. ಗುಂಡು ಹಾರುವಾಗ ಅಲ್ಲಿಂದ ಅನಿಲ ಸೋರುತ್ತದೆ. ಬೆಲ್ಜಿಯಂನ ಲಿಯೇಜ್ ಊರಿನ ಲಿಯೋನ್ ನಗಾನ್ ತನ್ನ ರಿವಾಲ್ವರ್‌ನಲ್ಲಿ ಆ ಸಂದನ್ನೇ ಮುಚ್ಚಿದ. ಬಂದೂಕಿನ ಕುದುರೆಯನ್ನು, ಅಂದರೆ ತೋಟಾ ಸಿಡಿಸಲು ಬಡಿಯುವ ಸುತ್ತಿಗೆಯನ್ನು, ಹಿಂದಕ್ಕೆ ಎಳೆದರೆ ಸಿಲಿಂಡರ್ ತಿರುಗುವುದಷ್ಟೇ ಅಲ್ಲ, ಮುಂದೆ ಸರಿದು ನಳಿಗೆಗೆ ಒತ್ತಿಕೊಳ್ಳುತ್ತದೆ. ಇದರ ತೋಟಾದಲ್ಲಿ ಗುಂಡು ಹಿತ್ತಾಳೆ ಕೊಳವೆಯ ಒಳಗೇ ಅಡಗಿರುತ್ತದೆ. ಆ ಕೊಳವೆಯ ಬಾಯಿ ನಳಿಗೆಯೊಳಕ್ಕೆ ಹೊಕ್ಕು, ಗುಂಡು ಹಾರಿದಾಗ ಉಬ್ಬಿ, ಉಳಿದ ಸಂದನ್ನೂ ಮುಚ್ಚುತ್ತದೆ. ಓದುಗ ನಿಲ್ಲುವುದು ಇಲ್ಲೇ. ಇದಕ್ಕೆ ಒಂದು ಪುಟ ಕೊಡಿ. ಚಿತ್ರವೂ ಬೇಕು.

ಅಂದಹಾಗೆ, ನೀವು ಬರೆದ 'ಆಘಾತಕ ಸುತ್ತಿಗೆ' ಬೇಡ. ಬಂದೂಕಿನ ಕುದುರೆ ಅನ್ನುವ ಮಾತು ನಮ್ಮಲ್ಲೇ ಇದೆ, ಅಲ್ವಾ?

ಆಮೇಲೆ, ಈ ಜಾಣತನಕ್ಕೆ ತೆತ್ತ ಬೆಲೆಯನ್ನೂ ಬರೆಯಿರಿ. ಸಿಲಿಂಡರನ್ನು ಮುಂದೆ ತಳ್ಳುವ ಕೆಲಸವೂ ಬೆರಳಿನ ಮೇಲೇ ಬೀಳುವುದರಿಂದ ಟ್ರಿಗರ್ ವಿಪರೀತ ಬಿಗಿ. ಏಳು ಗುಂಡು ಇರುವುದರಿಂದ 'ಬೇಗ ತುಂಬಿಸಬಹುದು' ಎಂದಿದ್ದೀರಿ. ಅದು ತಪ್ಪು. ಪಕ್ಕದ ಪುಟ್ಟ ಬಾಗಿಲಿನಿಂದ ಖಾಲಿ ಕೊಳವೆಗಳನ್ನು ಒಂದೊಂದಾಗಿ ತಳ್ಳಿ ತೆಗೆದು, ಒಂದೊಂದಾಗಿಯೇ ತುಂಬಬೇಕು. ನನಗಂತೂ ಸಂದು ಮುಚ್ಚುವ ಈ ಉಪಾಯ ಸಣ್ಣ ತೊಂದರೆಗೆ ಸಿಕ್ಕ ದೊಡ್ಡ ಉತ್ತರ ಅನ್ನಿಸುತ್ತದೆ. ನೀವು ಒಪ್ಪದಿದ್ದರೆ ವಾದ ಮಾಡಿ. ಆದರೆ ಪ್ರಶ್ನೆಯನ್ನೇ ಎತ್ತದೆ ಹೊಗಳಬೇಡಿ.

ಇನ್ನೊಂದು ಒಳ್ಳೆ ಸಂಗತಿಯನ್ನು ಆವರಣದೊಳಗೆ ಹಾಕಿ ಹಾಳು ಮಾಡಿದ್ದೀರಿ. ಅಧಿಕಾರಿಗಳ ನಗಾನ್‌ನಲ್ಲಿ ಟ್ರಿಗರ್ ಒತ್ತಿದರೆ ಸಾಕಿತ್ತು. ತ್ಸಾರ್ ಕಾಲದ ಸಾಮಾನ್ಯ ಸೈನಿಕನಿಗೆ ಸಿಕ್ಕಿದ್ದರಲ್ಲಿ ಪ್ರತಿ ಗುಂಡಿಗೂ ಕುದುರೆಯನ್ನು ಕೈಯಲ್ಲೇ ಎಳೆಯಬೇಕಿತ್ತು. ಆ ಸೈನ್ಯ ತನ್ನ ಜನರನ್ನು ಹೇಗೆ ನೋಡುತ್ತಿತ್ತು ಎನ್ನುವುದು ನಿಮ್ಮ 'ಕ್ರಾಂತಿಯ ಹಿನ್ನೆಲೆ' ಭಾಗಕ್ಕಿಂತ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಕೊನೆಯ ಪುಟದಲ್ಲೊಂದು ತಪ್ಪಿದೆ. ಸೋವಿಯತ್ ಸೇನೆಗೆ ಹೊಸ ಟಿಟಿ-33 ಪಿಸ್ತೂಲು ಬಂದೊಡನೆ ನಗಾನ್ ಮೂಲೆ ಸೇರಲಿಲ್ಲ. ಎರಡನೇ ಮಹಾಯುದ್ಧದ ಉದ್ದಕ್ಕೂ ತಯಾರಾಯಿತು. ಸಂದು ಮುಚ್ಚಿ ಸದ್ದು ಅಲ್ಲಿಂದ ಹೊರಬೀಳದ್ದರಿಂದ ಇದಕ್ಕೆ ಸದ್ದಡಗಿಸುವ ಸೈಲೆನ್ಸರ್ ಕೂಡ ಕೆಲಸ ಮಾಡುತ್ತಿತ್ತು. ಸೋವಿಯತ್ ಪಡೆಗಳು ಬ್ರಾಮಿಟ್ ಅನ್ನುವ ಸೈಲೆನ್ಸರನ್ನು ಹಾಕಿ ಬಳಸಿದವು. ಅದನ್ನು ಬಿಟ್ಟಿದ್ದೀರಿ, ಸೇರಿಸಿ.

ನಾಲ್ಕು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ನಾನೇ ಓದುತ್ತೇನೆ.

ಸಂಪಾದಕ