ಬೆಳಿಗ್ಗೆ ಕೊಬ್ಬು 31, ಸಂಜೆ 27: ಯಂತ್ರ ಕೆಟ್ಟಿಲ್ಲ

ನಿಮ್ಮ ತೂಕದ ಯಂತ್ರ ಮೈಯ ಕೊಬ್ಬನ್ನು ಬೆಳಿಗ್ಗೆ ಶೇ 31, ಸಂಜೆ ಶೇ 27 ಎಂದು ತೋರಿಸುತ್ತಿದೆ, ಅದು ಕೆಟ್ಟಿದೆಯೇ ಎಂದು ಕೇಳಿದ್ದಿರಿ. ನೀವು ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ದಿನವಿಡೀ ನಿಂತೇ ಇರುತ್ತೀರಲ್ಲ, ಬಹುಶಃ ಅದೇ ಕಾರಣ. ಈ ತೂಕದ ಯಂತ್ರ ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ಲೋಹದ ಪಟ್ಟಿಯಿಂದ ಅರಿವಿಗೇ ಬಾರದಷ್ಟು ಸಣ್ಣ ವಿದ್ಯುತ್ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ನೀರಿನಂಶವಿರುವ ಸ್ನಾಯುವಿನಲ್ಲಿ ಸಲೀಸಾಗಿ ಹರಿಯುತ್ತದೆ, ಕೊಬ್ಬು ಅದನ್ನು ತಡೆಯುತ್ತದೆ. ಆ ತಡೆ ನೋಡಿಯೇ ಯಂತ್ರ ಕೊಬ್ಬನ್ನು ಅಂದಾಜಿಸುತ್ತದೆ. ನಿಂತು ನಿಂತು ಕಾಲಿಗೆ ನೀರಿಳಿದಾಗ ತಡೆ ತಗ್ಗಿ, ಕೊಬ್ಬು ಕರಗಿದಂತೆ ತೋರುತ್ತದೆ. ಒಡೆದ ಒಣ ಹಿಮ್ಮಡಿ ಇದಕ್ಕೆ ತಿರುಗುಮುರುಗು. ನನಗೆ ಅಂಕಿ ಏರಿಸಿದ್ದು ಅದೇ.

ಮೊದಲು ಯಂತ್ರದ ಆ್ಯಪ್‌ನಲ್ಲಿ ನಿಮ್ಮ ಎತ್ತರ, ವಯಸ್ಸು ಸರಿಪಡಿಸಿ. ಬೆಳಿಗ್ಗೆ ಎದ್ದು ಕಾಲು ಗಂಟೆ ಓಡಾಡಿ, ಶೌಚ ಮುಗಿಸಿ, ಕಾಫಿಗೂ ಮುಂಚೆ, ಒದ್ದೆ ಬಟ್ಟೆಯಲ್ಲಿ ಅಂಗಾಲು ಒರೆಸಿಕೊಂಡು ನಿಲ್ಲಿ. ದಿನವೂ ಅದೇ ಹೊತ್ತು. ಅಂಕಿ ಅಂದಾಜಿನದೇ, ವಾರದ ಸರಾಸರಿಯ ಏರಿಳಿತ ನೋಡಿ. ಪೇಸ್‌ಮೇಕರ್ (ಹೃದಯ ಬಡಿತ ಸರಿಯಾಗಿಡಲು ಮೈಯೊಳಗೆ ಅಳವಡಿಸುವ ಸಾಧನ) ಇರುವವರನ್ನು ಮಾತ್ರ ಇದರ ಮೇಲೆ ನಿಲ್ಲಿಸಬೇಡಿ.