ಮುಖ ಅಲ್ಲಾಡದ ಗೊಂಬೆಯ ಪರವಾಗಿ

ಸಿಂಧನೂರಿನ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ನಾನು ಚಿಕ್ಕವಳಿದ್ದಾಗ ರಾಯಚೂರಿನ ನಮ್ಮ ಶಾಲೆಗೆ ಗೊಂಬೆಯಾಟದವರು ಬಂದು ಸಿಂಡ್ರೆಲಾ ಕಥೆ ಆಡಿಸಿದ್ದರು. ಕುಂಬಳಕಾಯಿ ಸಾರೋಟಾದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೊನ್ನೆ ಮೊಮ್ಮಗಳಿಗೆ ಅಂಥದೇ ಒಂದು ಆಟವನ್ನು ಮೊಬೈಲಿನಲ್ಲಿ ಹುಡುಕಿ ತೋರಿಸಿದರೆ ಐದು ನಿಮಿಷಕ್ಕೆ ಎದ್ದುಹೋದಳು. ‘ಇದರ ಮುಖಾನೇ ಅಲ್ಲಾಡವಲ್ದು ಅಜ್ಜಿ’ ಅಂದಳು. ಗೊಂಬೆಯಾಟದ ಕಾಲ ಮುಗಿಯಿತೇ? ಅಥವಾ ಆಗ ಬೇರೇನೂ ನೋಡಿರಲಿಲ್ಲವೆಂದು ನಮಗದು ಚೆಂದ ಕಂಡಿತೇ?”

ಅಕ್ಕೋರೆ, ನಿಮ್ಮ ಕೊನೆಯ ಪ್ರಶ್ನೆಯಲ್ಲಿ ಹುರುಳಿದೆ. ಈಗಿನ ಕಾರ್ಟೂನುಗಳಲ್ಲಿ ರಾಜಕುಮಾರಿಯ ಒಂದೊಂದು ಕೂದಲೆಳೆಯೂ ಗಾಳಿಗೆ ಬೇರೆ ಬೇರೆಯಾಗಿ ಹಾರುತ್ತದೆ. ಕಂಪ್ಯೂಟರಿನ ಮುಂದೆ ಕೂತು ಅದನ್ನು ಮಾಡಿದವರಿಗೆ ಒಂದು ನಮಸ್ಕಾರ ಹೇಳಿ ಮುಂದೆ ಹೋಗೋಣ.

ಮೊಮ್ಮಗಳ ದೂರನ್ನು ನೀವು ತಪ್ಪೊಪ್ಪಿಗೆಯಂತೆ ಬರೆದಿದ್ದೀರಿ. ನನಗೆ ಅದು ಹೊಗಳಿಕೆಯಾಗಿ ಕೇಳಿಸಿತು. ಗೊಂಬೆಯ ಮುಖ ಅಲ್ಲಾಡಬಾರದು. ಜೆಕ್ ದೇಶದ ಯಿರ್ಜಿ ತ್ರಂಕಾ ಎಂಬಾತ ಆಂಡರ್ಸನ್ ಬರೆದ ಚಕ್ರವರ್ತಿ ಮತ್ತು ನೈಟಿಂಗೇಲ್ ಹಕ್ಕಿಯ ಕಥೆಯನ್ನು 1949ರಲ್ಲಿ ಗೊಂಬೆಗಳ ಚಿತ್ರವಾಗಿ ತೆರೆಗೆ ತಂದ. ಅವನ ಗೊಂಬೆಗಳು ನಗುವುದಿಲ್ಲ, ಹುಬ್ಬು ಗಂಟಿಕ್ಕುವುದಿಲ್ಲ. ಬೆಳಕು ಬೀಳುವ ಬದಿ ಬದಲಾಗುತ್ತದೆ, ಕತ್ತು ಕೊಂಚ ಬಾಗುತ್ತದೆ, ಅಷ್ಟಕ್ಕೇ ಚಕ್ರವರ್ತಿ ಕಣ್ಣೀರಿಟ್ಟಂತೆ ನಮಗೆ ಕಾಣುತ್ತದೆ. ಆ ಕಣ್ಣೀರು ಗೊಂಬೆಯದಲ್ಲ, ನೋಡುವವನದು. ಬರ್ಲಿನ್ನಿನ ಲೊಟ್ಟೆ ರೈನಿಗರ್ ಅದಕ್ಕೂ ಮುಂಚೆಯೇ, 1922ರಲ್ಲಿ, ಕಪ್ಪು ಕಾಗದವನ್ನು ಕತ್ತರಿಯಲ್ಲಿ ಕತ್ತರಿಸಿ ಸಿಂಡ್ರೆಲಾ ಮಾಡಿದ್ದಳು. ಅಲ್ಲಿ ಮುಖವೆಂದರೆ ಬರೀ ಅಂಚು: ಒಂದು ಮೂಗು, ಒಂದು ಗದ್ದ. ಕೈಕಾಲಿನ ಕೀಲುಗಳಿಗೆ ತಂತಿ, ಕೆಳಗೆ ಗಾಜು, ಗಾಜಿನಡಿ ದೀಪ, ಮೇಲೊಂದು ಕ್ಯಾಮೆರಾ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು. 1926ರಲ್ಲಿ ಮುಗಿದ ಅವಳ ದೊಡ್ಡ ಚಿತ್ರಕ್ಕೆ ಹೀಗೇ ಮೂರು ವರ್ಷ ಹಿಡಿಯಿತು. ಅರೇಬಿಯನ್ ನೈಟ್ಸ್ ಕಥೆಗಳನ್ನು ಅವಳು ಅದರಲ್ಲಿ ಹೇಳಿದ್ದು ನೆರಳಿನಲ್ಲಿ.

ನೆರಳು ಎಂದೊಡನೆ ನಮ್ಮ ಸೀಮೆಯವರಿಗೆ ಬರ್ಲಿನ್ ಯಾಕೆ ಬೇಕು ಹೇಳಿ. ತೊಗಲುಗೊಂಬೆಯಾಟದವರ ಊರು, ಕೊಪ್ಪಳ ಜಿಲ್ಲೆಯ ಮೋರನಾಳ ನಿಮ್ಮೂರಿಗೆ ದೂರವೇ? ಆಡಿನ ತೊಗಲನ್ನು ಕೂದಲು ಹೆರೆದು, ಎಳೆದು ಬಿಗಿದು ಒಣಗಿಸಿ, ಗೆರೆ ಬರೆದು, ಉಳಿಯಿಂದ ಸಣ್ಣ ಸಣ್ಣ ತೂತು ಹೊಡೆದು, ಎರಡೂ ಮಗ್ಗುಲಿಗೆ ಬಣ್ಣ ತುಂಬುತ್ತಾರೆ. ದೀಪದ ಮುಂದೆ ಹಿಡಿದರೆ ಆ ತೂತುಗಳೇ ಸೀತೆಯ ಒಡವೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಬಣ್ಣ ಕೆಂಡದಂತಿರುತ್ತದೆ, ಕೊಂಚ ಹಿಂದಕ್ಕೆಳೆದರೆ ಮಸುಕಾಗಿ ಹಿಗ್ಗುತ್ತದೆ. ರಾಕ್ಷಸ ಬೆಳೆಯುವುದು ಹೀಗೆ, ಒಂದು ಗೇಣಿನ ದೂರದಲ್ಲಿ. ಆ ಊರಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತಾರನೆಯ ವಯಸ್ಸಿನಲ್ಲಿ. ಅಷ್ಟು ತಡ ಯಾಕಾಯಿತೆಂದು ಕೇಳುವುದು ಪದ್ಧತಿಯಲ್ಲವೆಂದು ಗೆಳೆಯರು ಹೇಳುತ್ತಾರೆ. ನಾನು ಕೇಳುತ್ತೇನೆ.

“ತೊಗಲುಗೊಂಬೆ ಎಂದರೆ ರಾಮಾಯಣ, ಮಹಾಭಾರತ ಅಷ್ಟೇ ಅಲ್ಲವೇ, ಮಕ್ಕಳ ಕಥೆ ಎಲ್ಲಿ?” ಎಂದು ಪತ್ರದ ನಡುವೆ ಒಂದು ಕಡೆ ಬರೆದಿದ್ದೀರಿ. ಮಕ್ಕಳಿಗೆ ಪಾಠ ಹೇಳಿದವರು ಹೀಗೆ ಬರೆದದ್ದು ಬೇಸರವಾಯಿತು. ರಾಮ-ರಾವಣರ ನಡುವೆ ನುಗ್ಗಿ ಬಂದು, ಹೆಂಡತಿ ಬಂಗಾರಕ್ಕನ ಜೊತೆ ಜಗಳ ಕಾಯ್ದು, ಊರ ಗೌಡನನ್ನೂ ಬಿಡದೆ ಹಾಸ್ಯ ಮಾಡುವ ಕಿಳ್ಳೇಕ್ಯಾತನನ್ನು ಮರೆತಿರಾ? ನಿದ್ದೆ ತೂಗುವ ಹುಡುಗರು ಎದ್ದು ಕೂರುತ್ತಿದ್ದುದು ಅವನಿಗಾಗಿ. ಇನ್ನು ಹೊಸ ಕಥೆಯ ಮಾತು. ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಬದುಕನ್ನೇ ‘ಬಾಪು’ ಎಂದು ತೊಗಲಿಗೆ ತಂದರು. ಗಾಂಧಿಯ ಕನ್ನಡಕ ತೊಗಲಿನಲ್ಲಿ ಮೂಡುವುದಾದರೆ ಸಿಂಡ್ರೆಲಾಳ ಗಾಜಿನ ಪಾದರಕ್ಷೆ ಮೂಡದೇ? ವೀರಣ್ಣನವರು 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಇಲ್ಲದಿದ್ದರೆ ನಿಮ್ಮ ಪತ್ರವನ್ನು ಅವರಿಗೇ ಕಳಿಸುತ್ತಿದ್ದೆ.

ಆದರೂ ನಾನು ಕೇಳುವುದು ಸಿಂಡ್ರೆಲಾಳನ್ನಲ್ಲ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯ ‘ಹಂಚಿ’ ಸಿಂಡ್ರೆಲಾಳ ಸೋದರಿಯೇ. ಬಂಗಾರದ ಕೂದಲಿನ ಹುಡುಗಿ. ಆ ಕೂದಲು ಕಂಡು ಒಡಹುಟ್ಟಿದವನಿಗೇ ಬುದ್ಧಿ ಕೆಡುತ್ತದೆ. ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ತೊಡಿಸಿ ಊರು ಬಿಡಿಸುತ್ತಾಳೆ. ಹುಡುಗಿ ಆ ಮಣ್ಣುಮುಖ ಹೊತ್ತೇ ಯಾರದೋ ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ಇಲ್ಲಿ ಕಿನ್ನರಿಯೂ ಇಲ್ಲ, ಸಾರೋಟೂ ಇಲ್ಲ. ಭಯವಿದೆ, ದುಡಿಮೆಯಿದೆ. ಮುಖವಾಡದ ಹುಡುಗಿಯ ಕಥೆಯನ್ನು ಅಲ್ಲಾಡದ ಮುಖದ ಗೊಂಬೆಗಿಂತ ಚೆನ್ನಾಗಿ ಯಾವ ನಟಿ ಹೇಳಿಯಾಳು? ಯಾರಾದರೂ ಆಡಿಸಿದರೆ ಮೊದಲ ಸಾಲಿನ ಚಾಪೆಯಲ್ಲಿ ನಾನಿರುತ್ತೇನೆ.

ಆಡಿಸುವವರಿಗೆ ಬಿಡುವೆಲ್ಲಿ? ಅವರನ್ನು ಕರೆಯುವುದೇ ಕುಟುಂಬ ಯೋಜನೆಗೆ, ಏಡ್ಸ್ ಜಾಗೃತಿಗೆ, ಶೌಚಾಲಯ ಕಟ್ಟಿಸಿಕೊಳ್ಳಿ ಎಂದು ಹೇಳುವುದಕ್ಕೆ. ಹೇಳಬೇಕಾದ ಮಾತುಗಳೇ, ಬೇಡವೆನ್ನುವುದಿಲ್ಲ. ಒಂದು ಕಾರ್ಯಕ್ರಮದಲ್ಲಿ ಮೇಳದವರು ಇನ್ನೂ ಗಣಪತಿಯ ಗೊಂಬೆ ತೋರಿಸುತ್ತಿದ್ದರು. ಸಾಹೇಬರು ಗಡಿಯಾರ ನೋಡಿ “ಸಂದೇಶ ಯಾವಾಗ ಬರುತ್ತೆ?” ಎಂದರು. ರಾತ್ರಿಯಿಡೀ ಆಡುತ್ತಿದ್ದ ಕಲೆಗೆ ಇಪ್ಪತ್ತು ನಿಮಿಷ, ಅದರಲ್ಲಿ ಹತ್ತು ಸಂದೇಶಕ್ಕೆ. ಹಳೆಯ ಗೊಂಬೆಗಳನ್ನು ಕೊಂಡು ಚೌಕಟ್ಟು ಹಾಕಿ ಡ್ರಾಯಿಂಗ್ ರೂಮಿನ ಗೋಡೆಗೆ ತೂಗುಹಾಕುವವರು ಇನ್ನೊಂದು ಪಂಗಡ. ಹಿಂದೆ ದೀಪವಿಲ್ಲದ ತೊಗಲುಗೊಂಬೆಯಲ್ಲಿ ಏನು ಕಾಣುತ್ತಾರೋ ಅವರಿಗೇ ಗೊತ್ತು.

ನಿಮ್ಮ ಮೇಲೂ ನನಗೊಂದು ಸಿಟ್ಟಿದೆ. ಮೊಬೈಲಿನಲ್ಲಿ ತೋರಿಸಿದಿರಲ್ಲ, ಅದು. ಅಂಗೈಯಗಲದ ಪರದೆ, ಮಧ್ಯೆ ಎರಡು ಜಾಹೀರಾತು, ಮನೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದೆ. ನಿಮ್ಮ ಕಾಲದಲ್ಲಿ ಗೊಂಬೆಯ ಹಿಂದೆ ಒಬ್ಬ ಮನುಷ್ಯ ಕೂತಿದ್ದ, ಅವನ ಗಂಟಲು ಅಲ್ಲೇ ಕೇಳುತ್ತಿತ್ತು, ಮಕ್ಕಳು ನಕ್ಕರೆ ಅವನು ಮಾತನ್ನು ಇನ್ನಷ್ಟು ಎಳೆಯುತ್ತಿದ್ದ. ಮೊಮ್ಮಗಳು ಎದ್ದುಹೋದದ್ದು ಗೊಂಬೆಯಿಂದಲ್ಲ, ಫೋನಿನಿಂದ. ನಾನಾದರೂ ಎದ್ದುಹೋಗುತ್ತಿದ್ದೆ.

ಗೊಂಬೆಯಾಟ ಮುಗಿಯಿತೇ ಎಂದು ನನ್ನನ್ನು ಕೇಳಿ ಕೂರಬೇಡಿ. ಓದುಗರ ಪತ್ರಕ್ಕೆ ಗೊಂಬೆಯನ್ನು ಬದುಕಿಸುವ ಶಕ್ತಿಯಿದೆ. ಇಟಲಿಯ ಕೊಲ್ಲೋದಿ 1881ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಪಿನೋಕಿಯೊ ಎಂಬ ಮರದ ಗೊಂಬೆಯ ಕಥೆಯನ್ನು ಧಾರಾವಾಹಿಯಾಗಿ ಬರೆದು, ಹದಿನೈದನೆಯ ಅಧ್ಯಾಯಕ್ಕೆ ಅದನ್ನು ಓಕ್ ಮರಕ್ಕೆ ನೇಣು ಹಾಕಿಸಿ ಕೈತೊಳೆದುಕೊಂಡಿದ್ದ. ಪುಟಾಣಿ ಓದುಗರು ಬಿಡಲಿಲ್ಲ, ಪತ್ರಿಕೆಯವರು ಒತ್ತಾಯಿಸಿದರು, ಗೊಂಬೆ ಮರದಿಂದಿಳಿದು ಬಂತು. ನಿಮ್ಮೂರ ಶಾಲೆಯ ಎಸ್‌ಡಿಎಂಸಿಯವರು ವಾರ್ಷಿಕೋತ್ಸವಕ್ಕೆ ಡಿಜೆಗೆ ಎಷ್ಟು ಬಾಡಿಗೆ ಕೊಡುತ್ತಾರೆ, ವಿಚಾರಿಸಿ. ಅದರ ಅರ್ಧ ದುಡ್ಡಿಗೆ ಒಂದು ಮೇಳ ಬರುತ್ತದೆಯೋ ಏನೋ, ಮೋರನಾಳದ ಕಡೆ ಕೇಳಿಸಿ. ಎಸ್‌ಡಿಎಂಸಿಯವರು ಒಪ್ಪದಿದ್ದರೆ ಅವರ ಹೆಸರಿಗೇ ಒಂದು ಪತ್ರ ಬರೆದು ಕಳಿಸಿ, ಅಚ್ಚು ಹಾಕುತ್ತೇನೆ.

— ಸಂಪಾದಕ, ಬಳ್ಳಾರಿ